ನೀವು ಬರೆದ ನನ್ನ ಸಾವು

ತಾಯಲೂರು
೧೬ ಫೆಬ್ರವರಿ ೨೦೨೫

ಮೌನಿಕಾಳ ಅಪ್ಪನಿಗೆ ಆದಿಲಕ್ಷ್ಮಿಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಲಿಸ್ಬನ್ನಿನ ಚಳಿಯಲ್ಲಿ ಬೆಳಗಿನ ವಾಕಿಂಗ್ ಬೇಡ. ಮಾತ್ರೆಯನ್ನು ಊಟವಾದ ಮೇಲೆ ನುಂಗಿ, ಬರೀ ಹೊಟ್ಟೆಯಲ್ಲಿ ನುಂಗಿದರೆ ನಿಮಗೆ ಎದೆಯುರಿ. ನಾನು ಚೆನ್ನಾಗಿದ್ದೇನೆ.

ನೀವು ಕಳಿಸದಿದ್ದರೂ ನಿಮ್ಮ ಆತ್ಮಕಥೆ ಕೈಗೆ ಸಿಕ್ಕಿತು. ಮುಳಬಾಗಿಲಿನಲ್ಲಿ ಕಣ್ಣಿಗೆ ಬಿತ್ತೆಂದು ಅಶ್ವತ್ಥಪ್ಪಣ್ಣ ಕೊಂಡು ತಂದ. ಕೀನ್ಯಾದಿಂದ ಬಂದಾಗ ಒಂದು ಕಾದಂಬರಿ ಬರೆದಿರಿ, ಪೋಲೆಂಡಿನಿಂದ ಬಂದಾಗ ಇನ್ನೊಂದು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದು ಅವನ್ನೆಲ್ಲ ದುಂಡಗೆ ನಕಲು ಮಾಡಿಕೊಟ್ಟೆ. ಆಮೇಲೆ ಜೀವನಚರಿತ್ರೆಗಳಿಗೆ ಕೈಹಾಕಿದಿರಿ. ತೀರಿಕೊಂಡವರ ಊರಿಗೆ ಹೋಗಿ, ನೆಂಟರಿಷ್ಟರನ್ನು ವಿಚಾರಿಸಿ, ಖಚಿತವಾಗದ ಹೊರತು ಒಂದು ಸಾಲನ್ನೂ ಬರೆಯುವವರಲ್ಲ ಎಂದು ಹೆಸರಾದಿರಿ. ಅಂಥ ನೀವು, ವರ್ಷಗಟ್ಟಲೆ ಊರಿನ ಕಡೆ ತಲೆಹಾಕದ ನೀವು, ನಾನು ಜ್ವರ ಬಂದು ನಿಮ್ಮ ತೊಡೆಯ ಮೇಲೆ ಪ್ರಾಣ ಬಿಟ್ಟೆನೆಂದು ಒಂದು ಅಧ್ಯಾಯವನ್ನೇ ಬರೆದಿದ್ದೀರಿ. ಹೆಂಡತಿಯನ್ನು ಬಿಟ್ಟುಹೋದವನು ಎನ್ನಿಸಿಕೊಳ್ಳುವುದಕ್ಕಿಂತ ಹೆಂಡತಿ ಸತ್ತವನು ಎನ್ನಿಸಿಕೊಳ್ಳುವುದು ನಿಮಗೆ ಸಲೀಸಾಯಿತು.

ಹೋದ ವಾರ ಕೋಲಾರದಲ್ಲಿ ಆ ಪುಸ್ತಕದ ಮೇಲೆ ಚರ್ಚೆ ಇಟ್ಟಿದ್ದರು. ಅದರಲ್ಲಿ ಅಚ್ಚಾದ ನನ್ನ ಫೋಟೋದಲ್ಲಿರುವ ಸೀರೆಯನ್ನೇ ಹುಡುಕಿ ಉಟ್ಟು ಹೋದೆ. ಅದೇ ಫೋಟೋವನ್ನು ದೊಡ್ಡದು ಮಾಡಿಸಿ, ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿಟ್ಟಿದ್ದರು. ನಾನು ಹಾರಕ್ಕೆ ಕೈಹಾಕಿದ್ದನ್ನು ಕಂಡು, ಸಭೆ ನಡೆಸುತ್ತಿದ್ದ ಅನಿಲ್‌ಕುಮಾರ್ ಓಡಿಬಂದ.

"ಯಾಕಮ್ಮಾ ತೆಗೀತಾ ಇದ್ದೀರ? ಅವ್ರು ನಿಮ್ಗೆ ಏನಾಗ್ಬೇಕು?"

"ನಾನೇ ಅದು ಕಣಪ್ಪಾ. ಇನ್ನೂ ಸತ್ತಿಲ್ಲ."

ಅವನೇ ಮೈಕ್ ಕೊಟ್ಟ. ನಿಮ್ಮ ಅಧ್ಯಾಯವನ್ನು ಮಕ್ಕಳಿಗೆ ಪಾಠ ಓದುವ ಹಾಗೆ ನಿಧಾನವಾಗಿ ಪೂರಾ ಓದಿದೆ. ನಾನು ಕಣ್ಣು ಮುಚ್ಚುವ ಸಾಲು ಬಂದಾಗ ತಲೆಯೆತ್ತಿ ಎಲ್ಲರನ್ನೂ ನೋಡಿದೆ. ಯಾರೂ ನಗಲಿಲ್ಲ. ನಿಮ್ಮ ಪುಸ್ತಕಕ್ಕೆ ಮುನ್ನುಡಿ ಬರೆದ ಹಿರಿಯರು ಎದ್ದು ಹೊರಟರು. ಮರುದಿನ ಪೇಪರಿನಲ್ಲಿ ಬಂತು. ಪ್ರಕಾಶಕರು ಫೋನ್ ಮಾಡಿ ಕ್ಷಮೆ ಕೇಳಿ, ಪುಸ್ತಕವನ್ನು ಅಂಗಡಿಗಳಿಂದ ವಾಪಸು ತರಿಸುತ್ತೇವೆ ಎಂದರು. ತರಿಸಿ ಎಂದೆ. ಎಷ್ಟೋ ವರ್ಷಗಳ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು.

ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ. ಇದನ್ನೆಲ್ಲ ಅನುಭವಿಸಲು ನೀವು ಗಟ್ಟಿಯಾಗಿರಬೇಕು.

ಇಂತಿ,
ಆದಿಲಕ್ಷ್ಮಿ

ಮರೆತಿದ್ದೆ: ವೈಶಾಖದಲ್ಲಿ ಮೌನಿಕಾಳ ಮದುವೆ. ಧಾರೆ ಎರೆಯಲು ಅಶ್ವತ್ಥಪ್ಪಣ್ಣ, ಅತ್ತಿಗೆ ಕೂರುತ್ತಾರೆ. ಲಗ್ನಪತ್ರಿಕೆಯಲ್ಲಿ ‘ದಿವಂಗತ ಉಮಾಶಂಕರ್ ಅವರ ಪುತ್ರಿ’ ಎಂದು ಅಚ್ಚಾಗಿದೆ. ನಾನು ಬೇಡವೆಂದೆ. ಹಾಗೆ ಹಾಕಿಸಿದವಳು ನಿಮ್ಮ ಮಗಳು.