ಅಜ್ಜಿಯ ಕೈಗವಸು, ಮೂರನೆಯ ಗುಂಡಿ

ಫೆಬ್ರವರಿ 3, ಸಂಜೆ 5
ಮೈನಸ್ 27. ಹೆಪ್ಪುಗಟ್ಟಿದ ಸರೋವರದ ಮೇಲೆ ಮೂವತ್ತೆಂಟು ಸುತ್ತು. ಕೆಲಸ ಅದೇ — ಕಾರು ಓಡಿಸುತ್ತ ಟಚ್‌ಸ್ಕ್ರೀನಿನ ಗುಂಡಿ ಒತ್ತುವುದು, ಕಣ್ಣು ಕೆಳಗಿಳಿಸದೆ. ಸರಿಯಾದ ಜಾಗ ಮುಟ್ಟಿದರೆ ಬೆರಳಿನಡಿ ಸಣ್ಣಗೆ ಮಿಡಿಯುತ್ತದೆ. ಕಣ್ಣು ದಾರಿ ಬಿಟ್ಟರೆ ಕ್ಯಾಮೆರಾಗೆ ಗೊತ್ತಾಗುತ್ತದೆ. ಇವತ್ತು ಒಂದು ಸಲವೂ ಬಿಡಲಿಲ್ಲ.

"ಶಾಲೆ ಬಿಡದೆ ಹೀಗೇ ಬೋರ್ಡ್ ನೋಡಿದ್ದಿದ್ರೆ ನನ್ನ ಕುರ್ಚೀಲಿ ಕೂತಿರ್ತಿದ್ದೆ, ತೂವ," ಎಂದಳು ಎಂಜಿನಿಯರ್ ಗುನ್ನೆಲ್. ಈ ಸ್ಕ್ರೀನ್ ಅವಳ ಮೂರು ವರ್ಷದ ದುಡಿಮೆ.

"ಕುರ್ಚೀಲಿ ಕೂರೋಕೆ ಆಗಲ್ಲ ಅಂತಾನೇ ಶಾಲೆ ಬಿಟ್ಟಿದ್ದು."

ಶುಕ್ರವಾರ ಗೋಥೆನ್‌ಬರ್ಗ್‌ನ ಮುಖ್ಯ ಕಚೇರಿಯಿಂದ ದೊಡ್ಡವರು ಬರುತ್ತಾರೆ. ಅವರು ಒಪ್ಪಿದರೆ ನನಗೂ ಕಾಯಂ ಕೆಲಸ.

ಫೆಬ್ರವರಿ 4
ಮನೆಗೆ ಬರುವಾಗ ನನ್ನ ಹಳೆ ಕಾರಿನ ಹೀಟರ್ ನಾಬ್ ತಿರುಗಿಸಿದೆ. ಅಜ್ಜಿ ಹೆಣೆದ ಕೈಗವಸು ಹಾಕಿಕೊಂಡೇ. ಆಗ ಹೊಳೆಯಿತು. ಪರೀಕ್ಷೆಯಲ್ಲಿ ಪ್ರತಿ ಸಲ ಅದನ್ನು ತೆಗೆದಿಡುತ್ತೇನೆ — ಬರಿಗೈ ಎಂದು ನಿಯಮದ ಹಾಳೆಯಲ್ಲಿದೆ. ಹಾಳೆ ಬರೆದವರು ಚಳಿ ಕಡಿಮೆಯಿರುವ ದಕ್ಷಿಣದವರು. ಇಲ್ಲಿ ಕಾರು ಬೆಚ್ಚಗಾಗುವ ಮೊದಲು ಯಾರು ತೆಗೆಯುತ್ತಾರೆ?

ಫೆಬ್ರವರಿ 5
ಕೈಗವಸಿನಲ್ಲೇ ಓಡಿಸಿದೆ. ಮಿಡಿತ ತಿಳಿಯಲೇ ಇಲ್ಲ. ಗುಂಡಿ ಹುಡುಕಲು ಕೆಳಗೆ ನೋಡಿದೆ... ಕಾರು ತಾಗಿ ದಾರಿಯಂಚಿನ ಗುರುತಿನ ಕೋಲು ಮುರಿಯಿತು.

ಕಾಫಿಯ ಹೊತ್ತಿಗೆ ಮ್ಯಾನೇಜರ್ ಹೋಕನ್, "ಆ ಸುತ್ತು ಹಾಳೇಲಿಲ್ಲ. ಅಳಿಸಿಬಿಡು."

"ಮುರಿದ ಕೋಲನ್ನೂ ಅಳಿಸ್ತೀಯಾ?"

"ನಿನಗೆ ಕೆಲಸ ಬೇಕೋ ಬೇಡ್ವೋ?"

ಬೇಕು. ಆದರೂ ವರದಿಯಲ್ಲಿ ಬರೆದೆ: ಕೈಗವಸು. ಏನೂ ತಿಳಿಯಲಿಲ್ಲ. ಗುನ್ನೆಲ್ ಓದಿದಳು. ದಾಲ್ಚಿನ್ನಿ ಬನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಫೆಬ್ರವರಿ 11
ಆರು ದಿನ ಕೆಲಸಕ್ಕೆ ಕರೆದು ಫೋನಿಲ್ಲ. ಸೌದೆ ಒಡೆದೆ. ನಿದ್ದೆ ಮಾತ್ರ ಚೆನ್ನಾಗಿ ಬಂತು, ಸುಳ್ಳೇಕೆ.

ಇವತ್ತು ಗುನ್ನೆಲ್ ಬಾಗಿಲಿಗೇ ಬಂದಳು. "ಶುಕ್ರವಾರ ದೊಡ್ಡವರ ಮುಂದೆ ನಿನ್ನ ಸಾಲನ್ನೇ ಮೊದಲು ಓದಿದೆ. ಹೋಕನ್ ಮುಖ ನೋಡ್ಬೇಕಿತ್ತು ನೀನು."

"ಅವರೇನಂದ್ರು?"

"ಸ್ಕ್ರೀನ್ ಸರಿ ಮಾಡೋಕೆ ಏಪ್ರಿಲ್‌ವರೆಗೆ ಟೈಮ್. ನಿನ್ನ ಕೆಲಸಾನೂ ಅಲ್ಲೀವರೆಗೆ. ಆಮೇಲಿಂದು ಗೊತ್ತಿಲ್ಲ. ಆ ಬಲಗೈ ಗವಸು ಕೊಡು."

ಫೆಬ್ರವರಿ 19
ಗುಂಡಿಗಳ ಸುತ್ತ ಈಗ ಸಣ್ಣ ಏಣು, ಬೆರಳಿಗೆ ತಾಗುವ ಉಬ್ಬು. ಮಿಡಿತ ಜೋರು. ಕೈಗವಸಿನಲ್ಲೂ ಎರಡು ಸಿಕ್ಕವು, ಕಣ್ಣು ದಾರಿಯ ಮೇಲೇ. ಮೂರನೆಯದು ಇಲ್ಲ. ಇಲ್ಲ ಎಂದೇ ಹೇಳಿದೆ.

"ಹಾಗೇ ಬರಿ," ಎಂದು ಗುನ್ನೆಲ್ ನಕ್ಕಳು. "ಏಣು ಎತ್ತರಿಸ್ತೀನಿ."

ಫೆಬ್ರವರಿ 20, ಬೆಳಿಗ್ಗೆ 7
ಮೈನಸ್ 31. ಪರೀಕ್ಷೆಗೆ ಒಳ್ಳೆಯ ದಿನ. ಬಲಗೈ ಗವಸು ಅವಳ ಕಾರಿನಲ್ಲೇ ಇದೆ. ಅಲ್ಲೀವರೆಗೆ ಬರಿಗೈ ಜೇಬಿಗೆ. ಹೊರಗೆ ಅವಳ ಹಾರ್ನ್... ಮೂರನೆಯ ಗುಂಡಿ ಇವತ್ತು —