ನೈಋತ್ಯದ ದಿಬ್ಬ

ಆರ್‌ಪಿಸಿ ಲೇಔಟ್, ಬುಧವಾರ

ಸೇತುರಾಮ ಮಾವನಿಗೆ ರಾಗಿಣಿಯ ನಮಸ್ಕಾರ.

ಫೋನಿನಲ್ಲಿ ನೀವು ನನ್ನ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಬರೆದು ಸತ್ಯವತಿ ಅತ್ತೆಯ ಕೈಗೆ ಕೊಟ್ಟಿದ್ದೇನೆ.

ರಾಜರಾಜೇಶ್ವರಿನಗರದ ನಿಮ್ಮ ಇಳಿಜಾರು ಸೈಟಿನ ಮಣ್ಣು ಪರೀಕ್ಷೆ ಮುಗಿಸಿದೆ. ಗುಡ್ಡದ ಸ್ವಂತ ಮಣ್ಣು ಗಟ್ಟಿಯಾಗಿಯೇ ಇದೆ. ನೈಋತ್ಯ ಮೂಲೆ ತಗ್ಗಾದರೆ ವಾಸ್ತುವಿಗೆ ಆಗಿಬರದು ಎಂದು ನೀವು ಲಾರಿಗಟ್ಟಲೆ ಮಣ್ಣು ಸುರಿಸಿದಿರಲ್ಲ, ಆ ದಿಬ್ಬವೇ ತೊಂದರೆ. ಅದರಲ್ಲಿ ಮಣ್ಣೆಲ್ಲಿದೆ? ಕೊರೆದಷ್ಟೂ ಯಾರದೋ ಒಡೆದ ಮನೆಯ ಇಟ್ಟಿಗೆ ಚೂರು, ಟೈಲ್ಸ್, ಹರಿದ ಸಿಮೆಂಟ್ ಚೀಲ. ಮೊನ್ನೆಯ ಮಳೆಗೆ ಮೇಲೆ ಉದ್ದಕ್ಕೂ ಬಿರುಕು ಬಿಟ್ಟಿದೆ. ನನ್ನ ಅಂಗೈ ಪೂರ್ತಿ ಒಳಗೆ ಇಳಿಯಿತು. ಇನ್ನೊಂದು ಜೋರು ಮಳೆ ಬಂದರೆ ಕುಸಿಯುತ್ತದೆ.

ಇದನ್ನು ಹೇಳಿದರೆ, "ಗಟ್ಟಿ ಇರೋ ಕಡೆ ಟೆಸ್ಟ್ ಮಾಡಿ ರಿಪೋರ್ಟ್ ಕೊಟ್ಬಿಡೇ, ಬ್ಯಾಂಕ್‌ನೋರಿಗೆ ಅಷ್ಟು ಸಾಕು" ಅಂದಿರಿ. ಮಣ್ಣಿನ ರಿಪೋರ್ಟು ಜಾತಕವಲ್ಲ ಮಾವ, ಹೊಂದದಿದ್ದರೆ ಬೇರೆ ಬರೆಸಿಕೊಳ್ಳಲು.

ಮನೆಯ ಮಾತು ಆಮೇಲಾಯಿತು. ಆ ದಿಬ್ಬದ ಬುಡದಲ್ಲೇ ನಿಮ್ಮ ಕೆಲಸದವರ ತಗಡಿನ ಶೆಡ್ ಇದೆ. ಯಾದಗಿರಿಯಿಂದ ಬಂದ ಪಾರವ್ವ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಮಲಗುತ್ತಾಳೆ. "ಮಳಿ ಬಂದ್ರ ತಗಡಿನ ಮ್ಯಾಲೆ ಕಲ್ಲು ಬೀಳ್ತಾವ್ರಿ ಮೇಡಂ" ಅಂದಳು. ನಿಮಗೂ ಹೇಳಿದಳಂತೆ.

ದಿಬ್ಬ ತೆಗೆಸುವುದು ತಡವಾಗಬಹುದು. ಶೆಡ್ಡನ್ನು ಮಾತ್ರ ಇವತ್ತೇ ಮೇಲಿನ ಈಶಾನ್ಯ ಮೂಲೆಗೆ ಹಾಕಿಸಿ. ಅಲ್ಲಿ ನೆಲ ಗಟ್ಟಿ. ಈಶಾನ್ಯದಲ್ಲಿ ಭಾರ ಇಡಬಾರದು ಎನ್ನುತ್ತೀರಿ, ಗೊತ್ತು. ಪಾರವ್ವನ ಮಕ್ಕಳು ಅಷ್ಟೇನೂ ಭಾರವಿಲ್ಲ ಮಾವ, ಎತ್ತಿಕೊಂಡು ನೋಡಿದ್ದೇನೆ.

ನಿಮ್ಮ ಅಕ್ಕನ ಮಗಳು,
ರಾಗಿಣಿ