ಎರಡು ತಟ್ಟೆ ಪಿಕ್ಚರಿನ ಕೊನೆ

ಲಷ್ಕರ್ ಮೊಹಲ್ಲಾ, ಮೈಸೂರು
೧೨ ನವೆಂಬರ್ ೨೦೨೫, ಬುಧವಾರ

ಗಿರಿಜಾಂಬಾ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಅಕ್ಕಿ ಆರಿಸಿದೆ. ನಿನ್ನಣ್ಣನ ಎರಡು ಸ್ವೆಟರ್ ಬಿಸಿಲಿಗೆ ಹಾಕಿ ತೆಗೆದೆ. ಮಧ್ಯಾಹ್ನ ಟಿವಿ ನೋಡಿದೆ. ಐದು ಗಂಟೆಗೆ ನಲ್ಲಿಯಲ್ಲಿ ನೀರು ಬಂತು, ನಾನು ಏಳಲಿಲ್ಲ. ಪಕ್ಕದ ಮನೆ ಬಸವಮ್ಮ ಬಾಗಿಲು ತಟ್ಟಿ, “ಪ್ರೇಮಕ್ಕಾ, ನೀರು ಬಂದದೆ ಕಣ್ರೀ, ನಿದ್ದೆ ಹೋಗ್ಬುಟ್ರಾ?” ಎಂದು ಕೂಗಿದಳು. ಆಗಲೂ ಏಳಲಿಲ್ಲ. ಕೊಡಗಳು ಖಾಲಿ ಇವೆ.

ಟಿವಿಯಲ್ಲಿ ಬಂದದ್ದು ನಮ್ಮ ಎರಡು ತಟ್ಟೆ ಪಿಕ್ಚರ್. ಅದರ ಹೆಸರು ಬೇರೆ, ಮನೆಯಲ್ಲಿ ನಾವು ಕರೆಯುತ್ತಿದ್ದದ್ದು ಹಾಗೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬರೆದರೆ ನನಗೆ ಸರಿಯಾಗಿ ಕಾಣುತ್ತದೆ. ನಿನ್ನಣ್ಣ ಟಾಕೀಸಿನಲ್ಲಿ ರೀಲು ಓಡಿಸುವ ಆಪರೇಟರ್ ಆಗಿದ್ದ ಕಾಲದಲ್ಲಿ, ಹೊಸ ಪಿಕ್ಚರ್ ಬಂದ ವಾರ ನಾನು ಅವರ ಊಟದ ಕ್ಯಾರಿಯರ್ ಹಿಡಿದು ಹೋಗುತ್ತಿದ್ದೆ. ಬಾಲ್ಕನಿಯ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಮ್ಯಾಟಿನಿ ನೋಡುತ್ತಿದ್ದೆ. ಮ್ಯಾಟಿನಿ ಶುರು ಎರಡೂವರೆಗೆ, ಬಿಡುವುದು ಐದೂಕಾಲಿಗೆ. ನಮ್ಮ ವಠಾರದ ನಲ್ಲಿಗೆ ನೀರು ಬರುವುದು ಐದಕ್ಕೆ. ಈಗ ದಿನ ಬಿಟ್ಟು ದಿನ ಬರುತ್ತದೆ, ಆಗ ದಿನಾ ಬರುತ್ತಿತ್ತು, ಅರ್ಧ ಗಂಟೆಗೆ ನಿಂತುಹೋಗುತ್ತಿತ್ತು. ಹಾಗಾಗಿ ಕೊನೆಯ ರೀಲು ಶುರುವಾಗುವಷ್ಟರಲ್ಲಿ ನಾನು ಕಣ್ಣೊರೆಸಿಕೊಂಡು ಎದ್ದುಬಿಡಬೇಕಿತ್ತು. ಪಿಕ್ಚರ್ ಹೇಗೆ ಮುಗಿಯಿತು ಎಂದು ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರು ಹೇಳುತ್ತಿದ್ದರು. ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ.

ಆ ಪಿಕ್ಚರಿನಷ್ಟು ನನ್ನನ್ನು ಅಳಿಸಿದ್ದು ಬೇರೆ ಇಲ್ಲ. ಲಾರಿ ಡ್ರೈವರ್ ಲೋಡು ತೆಗೆದುಕೊಂಡು ಹೋದವನು ಬರುವುದಿಲ್ಲ. ಹೆಂಡತಿ ಇಸ್ತ್ರಿ ಅಂಗಡಿ ಇಟ್ಟುಕೊಂಡು ಕಾಯುತ್ತಾಳೆ. ದಿನಾ ಸಂಜೆ ಎರಡು ತಟ್ಟೆ ಹಾಕುತ್ತಾಳೆ. ಬೆಳಿಗ್ಗೆ ಎದ್ದು ಅವನು ಉಣ್ಣದ ತಟ್ಟೆಯನ್ನೂ ಹುಣಿಸೆಹಣ್ಣು ಹಾಕಿ ತಿಕ್ಕುತ್ತಾಳೆ. ಅಲ್ಲಿ ಡೈಲಾಗೂ ಇಲ್ಲ, ಹಾಡೂ ಇಲ್ಲ, ತಿಕ್ಕುವ ಸದ್ದು ಮಾತ್ರ. ಆ ಒಂದು ಜಾಗಕ್ಕಾಗಿ ನಾನು ಆ ಪಿಕ್ಚರನ್ನು ಏಳು ಸಲ ನೋಡಿದೆ. ಏಳು ಸಲವೂ ನೀರಿಗೆ ಎದ್ದು ಬಂದೆ.

ನಿನ್ನಣ್ಣ ಹೇಳಿದ್ದು, ಕೊನೆಗೆ ಲಾರಿ ಹಾರನ್ ಕೇಳಿಸುತ್ತದೆ, ಅವನು ಇಳಿದು ಬರುತ್ತಾನೆ, ಕೈ ತೊಳೆದು ಆ ತಟ್ಟೆಯ ಮುಂದೆ ಕೂರುತ್ತಾನೆ ಅಂತ. ಅವಳು ಅವನನ್ನೇ ನೋಡುತ್ತಾ ಬಡಿಸುವಾಗ ಸಾರು ಚೆಲ್ಲುತ್ತದೆ ಎಂದೂ ಹೇಳಿದ್ದರು. ಇವತ್ತು ಕೂತು ನೋಡಿದೆ. ಲಾರಿ ಬರುತ್ತದೆ. ಓಡಿಸಿಕೊಂಡು ಬಂದವನು ಬೇರೆ ಯಾರೋ. ಅವನು ಇಳಿದು ಅವಳ ಗಂಡನ ಚಪ್ಪಲಿಗಳನ್ನು ಬಾಗಿಲಲ್ಲಿಟ್ಟು ನಿಲ್ಲುತ್ತಾನೆ. ಅಷ್ಟೇ. ಸಾರು ಚೆಲ್ಲುವುದೇ ಇಲ್ಲ.

ನನಗೆ ತಡೆಯಲಾಗದೆ ನಿನಗೆ ಫೋನ್ ಮಾಡಿದೆ. ನೀನು ನಕ್ಕೆ. “ಅಯ್ಯೋ ಅತ್ತಿಗೆ, ಇವತ್ತು ಗೊತ್ತಾಯ್ತಾ ನಿಮಗೆ? ಅಣ್ಣ ನಿಮಗೇ ಅಂತ ಬೇರೆ ಕ್ಲೈಮ್ಯಾಕ್ಸ್ ಕಟ್ತಿದ್ದ. ನೀವು ಅತ್ತೂ ಅತ್ತೂ ಊಟ ಬಿಡ್ತೀರ ಅಂತ. ಕೊನೇಲೂ ಹಂಗೇ ಮಾಡ್ಬುಟ್ಟ ನೋಡಿ, ಡಾಕ್ಟರು ಇನ್ನು ಹದಿನೈದು ದಿನ ಅಂದಾಗ್ಲೂ...” ಎಂದು ಶುರುಮಾಡಿ ನಿಲ್ಲಿಸಿಬಿಟ್ಟೆ. ಆಮೇಲೆ ಒಲೆಯ ಮೇಲೆ ಹಾಲಿದೆ ಎಂದು ನೀನೇ ಫೋನಿಟ್ಟೆ.

ಹಾಗಾದರೆ ನಿಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ಹತ್ತಿರ ಮಾತ್ರ, ಅವರಿಗೆ ಬರೀ ಕಾಮಾಲೆ, ಪಥ್ಯ ಮಾಡಿದರೆ ವಾಸಿ ಎಂದಿರಿ. ನಾನು ಮಜ್ಜಿಗೆಯಲ್ಲಿ ನೆಲನೆಲ್ಲಿ ಅರೆದು ಕೊಡುತ್ತಿದ್ದೆ. ಅವರು ಮುಖ ಕಿವುಚದೆ ಕುಡಿಯುತ್ತಿದ್ದರು. ಜುಲೈನಲ್ಲಿ ನಂಜನಗೂಡಿನಲ್ಲಿ ನನ್ನ ತಂಗಿಯ ಮಗಳ ಸೀಮಂತ ಬಂದಾಗ ನಾನು ಹೋಗುವುದಿಲ್ಲ ಎಂದಿದ್ದೆ. “ಹೋಗ್ಬನ್ನಿ ಅತ್ತಿಗೆ, ಆಸ್ಪತ್ರೇಲಿ ನಾನಿರ್ತೀನಿ, ಒಂದು ದಿನಕ್ಕೆ ಏನಾಗತ್ತೆ” ಎಂದು ಕಳಿಸಿದವಳು ನೀನು. ರೇಷ್ಮೆ ಸೀರೆ ಉಡು ಎಂದವರು ಅವರು. ಆ ಮಧ್ಯಾಹ್ನ ಒಂದು ಗಂಟೆಗೆ ಅವರು ಹೋದರು. ಕೊನೆಯ ರೀಲಿಗೆ ಮತ್ತೆ ನನ್ನನ್ನು ಎಬ್ಬಿಸಿ ಕಳಿಸಿದಿರಿ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವರಿಲ್ಲ. ಅದಕ್ಕೆ ಎಲ್ಲವೂ ನಿನ್ನ ಮೇಲೇ ಬರುತ್ತಿದೆ.

ಫೋನಿಟ್ಟ ಮೇಲೆ ಹಳೆಯ ಡೈರಿಗಳನ್ನೆಲ್ಲ ತೆಗೆದು ನೋಡಿದೆ. ಅಷ್ಟೊಂದು ಪಿಕ್ಚರ್‌ಗಳಲ್ಲಿ ಒಬ್ಬರೂ ಸತ್ತಿಲ್ಲ. ಇಷ್ಟು ವರ್ಷ ನಾನು ಅದನ್ನು ಗಮನಿಸಲೇ ಇಲ್ಲ. ಈ ವರ್ಷದ ಡೈರಿಯಲ್ಲಿ ಜುಲೈ ಪುಟಕ್ಕೆ ಬಂದರೆ, ಅವರ ಕೊನೆಯ ದಿನದ ಬಗ್ಗೆ ನೀನು ಹೇಳಿದ್ದನ್ನು ಹಾಗೇ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರು, ಪ್ರೇಮ ಊಟ ಮಾಡಿಕೊಂಡೇ ಬರಲಿ ಎಂದರು, ಹತ್ತು ಗಂಟೆಗೆ ನಿದ್ದೆ ಹೋದರು, ನಿದ್ದೆಯಲ್ಲೇ ಹೋದರು. ನಾಲ್ಕು ತಿಂಗಳಿಂದ ಆ ನಾಲ್ಕು ಸಾಲು ಓದಿಕೊಂಡೇ ಊಟ ಮಾಡುತ್ತಿದ್ದೇನೆ.

ಅದೂ ನಿನ್ನಣ್ಣನ ಹಾಗೆ ನೀನು ಕಟ್ಟಿ ಹೇಳಿದ್ದಾ? ಅವರಿಗೆ ನೋವಿತ್ತಾ? ನನ್ನನ್ನು ಕೇಳಿದರಾ? ನನಗೆ ನಡೆದದ್ದು ಬೇಕು. ಅತ್ತರೆ ಅಳುತ್ತೇನೆ, ಊಟ ಬಿಟ್ಟರೆ ಬಿಡುತ್ತೇನೆ.

ಸಿಟ್ಟಿದ್ದರೂ ನಿನ್ನ ಅತ್ತಿಗೆಯೇ ಆದ,
ಪ್ರೇಮಲೀಲಾ

ಮರೆತಿದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಆ ದಿನ ಹನ್ನೊಂದೂವರೆಗೆ ಅವರ ಫೋನಿನಿಂದ ನನಗೆ ಕಾಲ್ ಬಂದಿತ್ತು. ಫೋನು ಬ್ಯಾಗಿನಲ್ಲಿತ್ತು, ಗೊತ್ತಾಗಲಿಲ್ಲ ಎಂದು ನಿಮಗೆಲ್ಲ ಹೇಳಿದೆ. ಕೈಯಲ್ಲೇ ಇತ್ತು. ಬಳೆ ತೊಡಿಸುತ್ತಿದ್ದರು, ಆಮೇಲೆ ಮಾಡೋಣ ಎಂದು ನಾನೇ ಕಟ್ ಮಾಡಿದೆ. ಹತ್ತಕ್ಕೆ ನಿದ್ದೆ ಹೋದವರು ಹನ್ನೊಂದೂವರೆಗೆ ಫೋನ್ ಮಾಡುವುದಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಕೇಳಿದರೆ ನನ್ನದನ್ನೂ ಹೇಳಬೇಕಾಗುತ್ತದೆ ಎಂದು ಕೇಳಲಿಲ್ಲ. ಈಗ ನನ್ನದನ್ನು ಹೇಳಿದ್ದೇನೆ. ಬಸವಮ್ಮನ ಮಗ ಲೋಕೇಶ ನಾಳೆ ಬೆಳಗಿನ ಶಿಫ್ಟಿಗೆ ಸಿಟಿ ಬಸ್ಸಿನಲ್ಲಿ ನಿಮ್ಮ ಹೆಬ್ಬಾಳದ ಫ್ಯಾಕ್ಟರಿಗೆ ಬರುತ್ತಾನೆ, ಈ ಕಾಗದ ನಿನ್ನ ಕೈಗೆ ಕೊಡುತ್ತಾನೆ. ಓದಿಕೊಂಡಿರು. ನಾನು ಮಧ್ಯಾಹ್ನ ಎರಡೂವರೆಗೆ ನಿಮ್ಮ ಮನೆಗೆ ಬರುತ್ತೇನೆ. ನಾಳೆ ನಮ್ಮ ಬೀದಿಗೆ ನೀರು ಬಿಡುವ ದಿನವಲ್ಲ.